ಕಿವಿಗೆ ಕೇಳಿಸದೆ ಹಿಡಿದ ಹಾಡು

ಕಂಪ್ಯೂಟರ್ ಮೇಷ್ಟ್ರ ಎಡಗಿವಿಯಲ್ಲಿ ಯಾವಾಗಲೂ ಒಂದು ಹತ್ತಿಯುಂಡೆ ಇರುತ್ತಿತ್ತು. ಬಲಗಿವಿಯೋ ಏನೋ ಎಂದು ಈಗ ಅನುಮಾನ. ಹತ್ತಿ ಇದ್ದದ್ದಂತೂ ನಿಜ. ಮೂವತ್ತು ದಾಟುವವರೆಗೆ ಪವರ್‌ಲೂಮ್ ಓಡಿಸಿ ಕಿವಿ ಮಂದ ಮಾಡಿಕೊಂಡಿದ್ದ ಅವರು, ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲೇ ಎರಡು ಕಂಪ್ಯೂಟರ್ ಇಟ್ಟು ಪಾಠ ಹೇಳುತ್ತಿದ್ದರು. ನಮ್ಮ ತುಟಿ ನೋಡಿ ಉತ್ತರ ಕೊಡುತ್ತಿದ್ದರು. "ಕಿವಿ ಮೋಸ ಮಾಡುತ್ತೆ, ಪರದೆ ಮೇಲಿನ ಗೆರೆ ಮಾಡಲ್ಲ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಎಂ.ಎ. ಮುಗಿಸಿ ಅವರಲ್ಲಿ ಕಲಿಯುತ್ತಿದ್ದೆ. ತೀರಿಹೋಗಿದ್ದ ನನ್ನ ಅಜ್ಜಿ ಹಾಡಿದ್ದ ಸೋಬಾನೆ ಪದವೊಂದು ಸಂಶೋಧಕರೊಬ್ಬರ ಸಿಡಿಯಲ್ಲಿತ್ತು. ತನ್ನ ತಾಯಿಯ ದನಿಯನ್ನು ಇನ್ನೊಮ್ಮೆ ಕೇಳಬೇಕೆಂದು ಅಮ್ಮನ ಹಟ. ಮನೆಯಲ್ಲಿದ್ದದ್ದು ಟೇಪ್ ರೆಕಾರ್ಡರ್ ಮಾತ್ರ, ಹಾಡನ್ನು ಕ್ಯಾಸೆಟ್ಟಿಗೆ ಇಳಿಸಬೇಕಿತ್ತು. ಸಂಶೋಧಕರು ಸಿಡಿ ಕೊಟ್ಟು, ಬೆಂಗಳೂರಿನ ಬಸ್ಸಿನ ಹೊತ್ತು ನೋಡುತ್ತ ಮೇಷ್ಟ್ರ ಕೋಣೆಯ ಹೊರಗೆ ಜಗಲಿಯಲ್ಲಿ ಕೂತರು. ಸಿಡಿಗೆ ನಕಲು ತಡೆಯುವ ಬೀಗ ಹಾಕಿದ್ದರಿಂದ ಹಾಡು ಕಂಪ್ಯೂಟರಿನಲ್ಲಿ ಕೇಳಿಸುತ್ತಿತ್ತೇ ಹೊರತು ನಕಲಾಗುತ್ತಿರಲಿಲ್ಲ. ಸ್ಪೀಕರಿಗೆ ಮೈಕ್ ಹಿಡಿದರೆ ಅಜ್ಜಿಗಿಂತ ಪಕ್ಕದ ಮಗ್ಗಗಳ ಸದ್ದೇ ಜೋರು.

ಮೇಷ್ಟ್ರು ಫ್ಲಾಪಿಯಿಂದ ಡ್ರೈವರ್ ಎಂಬ ಪುಟ್ಟ ತಂತ್ರಾಂಶವೊಂದನ್ನು ಹಾಕಿದರು. "ಇಲ್ದಿರೋ ಸೌಂಡ್ ಕಾರ್ಡನ್ನ ಇದೆ ಅಂತ ಇದಕ್ಕೆ ನಂಬಿಸ್ತೀನಿ. ಫೋಟೋ ತೋರ್ಸಿ ಹೆಣ್ಣೊಪ್ಪಿಸ್ದಂಗೆ! ಹಾಡು ಸ್ಪೀಕರಿಗೆ ಬರಲ್ಲ, ಒಳಗಿಂದೊಳಗೇ ರೆಕಾರ್ಡ್ ಆಗುತ್ತೆ. ಏನೂ ಕೇಳ್ಸಲ್ಲ. ಮುಟ್ಬೇಡ ಕಣಮ್ಮ."

ತಪ್ಪಿದರೆ ಇನ್ನೊಮ್ಮೆ ಮಾಡಲು ಸಮಯವಿರಲಿಲ್ಲ. ರೆಕಾರ್ಡ್ ಆಗುತ್ತಿರುವುದನ್ನು ತೋರಿಸುವ ಹಸಿರು ಗೆರೆ ಪರದೆಯ ಮೇಲೆ ಕುಣಿಯುತ್ತಿತ್ತು, ಸ್ಪೀಕರಿನಿಂದ ಉಸಿರಿಲ್ಲ. ಸಂಶೋಧಕರನ್ನು ಇನ್ನಷ್ಟು ಹೊತ್ತು ಕೂರಿಸಲು ಮೇಷ್ಟ್ರು ಹೊರಗೆ ಹೋದರು. ನನಗೆ ತಡೆಯಲಾಗಲಿಲ್ಲ. ನಿಜಕ್ಕೂ ಹಾಡುತ್ತಿದೆಯೇ? ಮೌಸ್ ಹಿಡಿದು ಹಾಡನ್ನು ಸ್ಪೀಕರಿಗೆ ತಿರುಗಿಸಿದೆ. ಅಜ್ಜಿಯ ದನಿ ಕೋಣೆ ತುಂಬಿತು. ಹಸಿರು ಗೆರೆ ಮಲಗಿಬಿಟ್ಟಿತು.

ಹಿಂದಕ್ಕೆ ತಿರುಗಿಸುವುದು ಹೇಗೆಂದು ನನಗೆ ತೋಚಲಿಲ್ಲ. ಒಳಬಂದ ಮೇಷ್ಟ್ರು ಗೆರೆ ನೋಡಿ ಸರಿಪಡಿಸುವಷ್ಟರಲ್ಲಿ ಹಾಡಿನ ನಾಲ್ಕು ನುಡಿ ರೆಕಾರ್ಡ್ ಆಗದೆ ಹೋಗಿದ್ದವು. ಹಾಡು ಮುಗಿಯಿತು, ಬಸ್ಸು ಬಂತು, ಸಿಡಿ ಹೊರಟಿತು.

ಸಂಜೆ ಕ್ಯಾಸೆಟ್ಟಿಗೆ ಇಳಿಸಿ ತಂದು ಮೇಷ್ಟ್ರೇ ನಮ್ಮ ಮನೆಯಲ್ಲಿ ಹಾಕಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಡುವೆ ಹಾಡು ನಿಂತಿತು. ಅಮ್ಮ ತಲೆ ಎತ್ತುವ ಮೊದಲೇ ಮೇಷ್ಟ್ರು, "ಕರೆಂಟ್ ಹೋಗ್ಬಿಡ್ತು ಅಕ್ಕಾ" ಎಂದರು.

"ಬೆಳಿಗ್ಗೆಯಿಂದ ಬೀದೀಲಿ ಒಂದ್ ಮಗ್ಗಾನೂ ನಿಂತಿಲ್ವಲ್ಲ ಮೇಷ್ಟ್ರೇ?"

ಅವರು ಕೆಂಪಾದರು. "ಹಂಗಾದ್ರೆ ನನ್ ಕೈತಪ್ಪೇ ಅಕ್ಕಾ."

"ಈ ಊರಲ್ಲಿ ಹುಟ್ಟಿ ಕರೆಂಟಿನ ಸುಳ್ಳು ಹೇಳ್ತಾರಾ? ಕಾಫಿ ಕುಡೀರಿ" ಎಂದಳು ಅಮ್ಮ. ಆಗ ನನ್ನತ್ತ ನೋಡಿದಳೆಂದು ನನ್ನ ನೆನಪು. ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ನಾನು ಬಾಯಿ ಬಿಡಲಿಲ್ಲ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಮೇಷ್ಟ್ರು ತೀರಿಹೋಗಿ ಎರಡು ವರ್ಷವಾಯಿತು. ಅಮ್ಮ ಈಗಲೂ ಆ ಹಾಡು ಹಾಕಿಸುತ್ತಾಳೆ. ಖಾಲಿ ಜಾಗ ಬಂದಾಗ, "ಪಾಪ, ಎಷ್ಟು ನೊಂದ್ಕೊಂಡ್ರು ಮೇಷ್ಟ್ರು" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.