ಇತರೆ ಗೂಡು ಮೇಲೇರಿದ ದಿನ

ಅವಳ ಅಜ್ಜ ಅಂಚೆ ವಿಂಗಡಿಸುವವನು. ನಲವತ್ತೆಂಟು ಗೂಡುಗಳ ಮರದ ಬೀರುವಿನ ಮುಂದೆ ನಿಂತು, ಕಾಗೆ ಕಾಲಿನಂಥ ಅಕ್ಷರವನ್ನೂ ಓದಿ, ಕಾಗದವನ್ನು ಸರಿಯಾದ ಗೂಡಿಗೇ ಎಸೆಯುತ್ತಿದ್ದ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಅರ್ಧ ಜಗಳಗಳನ್ನು ತಂತಿಗೆ ತಂತಿ ಸೇರಿಸಿ ನಡೆಸಿಕೊಟ್ಟವಳು. ಇಂಥ ವಂಶದ ಕುಡಿ ಐವತ್ತೈದನೇ ವಯಸ್ಸಿನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತದ್ದರಲ್ಲಿ ಸೋಜಿಗವೇನು? ಎರವಲು ಪುಸ್ತಕ, ಹಠ, ಇವೆರಡೇ ಗುರುಗಳು. ನೀರು ಸರಬರಾಜು ಕಚೇರಿಯ ಗುಮಾಸ್ತೆಯಾದ ಅವಳು, ಜನ ದೂರು ಕೊಡುವ ವೆಬ್‌ಸೈಟನ್ನು ಒಬ್ಬಳೇ ಕಟ್ಟಿ ನಿಲ್ಲಿಸಿದಳು.

ಆ ಸೋಮವಾರ ಹತ್ತು ಗಂಟೆಯಾದರೂ ಒಂದು ದೂರೂ ಬರಲಿಲ್ಲ. ಫೋನು ಮಾತ್ರ ಅರಚಿಕೊಳ್ಳುತ್ತಿತ್ತು. ಆಸ್ಪತ್ರೆ ಬೀದಿಯಲ್ಲಿ ಪೈಪು ಒಡೆದಿದೆ. ಹೇಳೋಣವೆಂದು ಸೈಟು ತೆರೆದರೆ ‘ಪುಟ ಸಿಗಲಿಲ್ಲ, ಕ್ಷಮಿಸಿ’ ಎಂದು ಬರುತ್ತಿದೆ.

ಇಂಜಿನಿಯರ್ ಸಾಹೇಬರು ಮೇಜಿನ ಹತ್ತಿರ ಬಂದು ನಿಂತರು. “ಏನಮ್ಮಾ, ನಿಮ್ಮ ಯಂತ್ರ ಊರಿಗೆಲ್ಲ ಕ್ಷಮೆ ಕೇಳ್ತಾ ಕೂತಿದೆಯಲ್ಲ! ಊಟದ ಹೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ಇದನ್ನ ಮುಚ್ಚಿ ಹಳೇ ರಿಜಿಸ್ಟರ್ ತೆಗೆಸ್ತೀನಿ.”

“ತೆಗೆಸಿ ಸಾರ್, ಧೂಳಾದ್ರೂ ಹೋಗುತ್ತೆ. ಅದ್ರಲ್ಲಿ ಬರೆಯೋ ಪ್ರಮೇಯ ಮಾತ್ರ ಬರಲ್ಲ.”

ಅವಳು ಸೈಟಿನ ಪುಟಗಳ ವಿಳಾಸದ ಪಟ್ಟಿ ತೆರೆದಳು. ಬಂದ ಕೋರಿಕೆ ಯಾವ ಕೆಲಸಕ್ಕೆ ಹೋಗಬೇಕೆಂದು ಹೇಳುವ ಪಟ್ಟಿ ಅದು. ಯಂತ್ರ ಮೇಲಿನಿಂದ ಓದುತ್ತದೆ; ಮೊದಲು ಹೊಂದಿದ ಸಾಲಿಗೆ ಕೋರಿಕೆಯನ್ನು ಒಪ್ಪಿಸಿ ಕೈ ತೊಳೆದುಕೊಳ್ಳುತ್ತದೆ. ತಪ್ಪು ವಿಳಾಸ ಬರೆದವರಿಗಾಗಿ ಶನಿವಾರ ಅವಳು ‘ಏನೇ ಬರಲಿ, ಕ್ಷಮೆ ಕೇಳು’ ಎಂಬ ಸಾಲೊಂದನ್ನು ಸೇರಿಸಿದ್ದಳು. ಸೇರಿಸಿದ್ದು ಎಲ್ಲಿ? ನೆತ್ತಿಯ ಮೇಲೆ! ಕೆಳಗಿನ ಸಾಲುಗಳೆಲ್ಲ ಎರಡು ದಿನದಿಂದ ಉಪವಾಸ.

ಅಜ್ಜ ಇದ್ದಿದ್ದರೆ ಬೆನ್ನಿಗೊಂದು ಗುದ್ದುತ್ತಿದ್ದ. ಅವನು ಎಲ್ಲೂ ಹೊಂದದ ಕಾಗದಗಳ ‘ಇತರೆ’ ಗೂಡನ್ನು ಬೀರುವಿನ ಬುಡದಲ್ಲಿ, ನೆಲಕ್ಕೆ ತಾಗುವಂತೆ ಇಟ್ಟುಕೊಂಡಿದ್ದ. “ಸೊಂಟ ಬಗ್ಗಿಸಬೇಕು ಅಂದ್ರೆ ಕೈ ಮೊದಲು ಬೇರೆ ಗೂಡೆಲ್ಲ ಹುಡುಕುತ್ತೆ” ಎನ್ನುತ್ತಿದ್ದ.

ಆ ಸಾಲನ್ನು ಕಿತ್ತು ಪಟ್ಟಿಯ ಬುಡಕ್ಕೆ ಹಾಕಿ ಸೈಟನ್ನು ಮತ್ತೆ ಶುರುಮಾಡಿದಳು. ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಮೊದಲ ದೂರು ಬಂದು ಬಿತ್ತು: ಆಸ್ಪತ್ರೆ ಬೀದಿ, ಒಡೆದ ಪೈಪು. ಸಾಹೇಬರು ದೂರಿನ ಸಂಖ್ಯೆ ಬರೆದುಕೊಂಡು ರಿಪೇರಿಯವರನ್ನು ಕಳಿಸಿದರು.

ಅಷ್ಟರಲ್ಲಿ ಅಳಿಯನ ಫೋನು. ಅವನಿಗೆ ಸೈಟು ಕಟ್ಟುವುದೇ ಕಸುಬು. “ಅತ್ತೆ, ಸುದ್ದಿ ಗೊತ್ತಾಯ್ತು. ಇನ್ಮೇಲೆ ಏನು ಬದಲಾಯಿಸೋದಿದ್ರೂ ನನಗೆ ಕೊಡಿ, ನಾನೇ ನೋಡ್ಕೋತೀನಿ.”

“ಅಳಿಯಂದ್ರೇ, ಊಟಕ್ಕೆ ಬನ್ನಿ, ಬೇಡ ಅನ್ನಲ್ಲ. ನನ್ನ ಪಟ್ಟಿಗೆ ಮಾತ್ರ ಕೈ ಹಾಕ್ಬೇಡಿ. ಎಡವಿದ ಕಾಲು ನಂದು, ಎದ್ದು ನಡೆಯೋದೂ ಅದಕ್ಕೆ ಗೊತ್ತು.”