ಹಳ್ಳ ದಾಟುವ ಗಾಡಿ

ಶರಣಪ್ಪ ಮುತ್ಯಾನ ಕಾರು ಹಳ್ಳದ ನಡುವೆ ನಿಂತದ್ದು ಅವನ ದಡ್ಡತನದಿಂದಲ್ಲ, ಮೊಮ್ಮಕ್ಕಳೇ. ಅವನು ನಂಬಿದ ಆ ಮಾತನ್ನು ಬರೆದವಳು ನಾನು — ನಿಮ್ಮ ಆಯಿ, ಅವನ ಒಡಹುಟ್ಟಿದ ಅಕ್ಕ.

ರೈಲ್ವೆಯಲ್ಲಿದ್ದ ನನ್ನ ಯಜಮಾನರು ತೀರಿಕೊಂಡ ಮೇಲೆ ತೆಲುಗು ಮಾತಿನ ಈ ಮಹಾನಗರದಲ್ಲಿ, ಮಲ್ಕಾಜ್‌ಗಿರಿಯ ಈ ಮನೆಯಲ್ಲಿ ನಾನು ಮಾತಿಲ್ಲದವಳಂತೆ ಇದ್ದೆ. ತೆಲುಗು ಬಂದರೂ ಅಂಗಡಿಯವನ ಮುಂದೆ ಬಾಯಿ ತೆರೆಯಲು ನಾಚಿಕೆ. ಹಳ್ಳಿಯ ಶಾಲೆಯಲ್ಲಿ ಕಲಿತ ಕನ್ನಡ — ಅದೊಂದೇ ನನ್ನದು ಅನ್ನಿಸುತ್ತಿತ್ತು. ಮೇಲಿನ ಮನೆಯ ಸ್ವಾತಿ ಹಿಮಾಯತ್‌ನಗರದ ಒಂದು ಜಾಹೀರಾತು ಕಚೇರಿಯಲ್ಲಿದ್ದಳು. ಕೊಂಡಾಪುರದ ಕಡೆ ದಿನಕ್ಕೊಂದು ಸಾಫ್ಟ್‌ವೇರ್ ಕಟ್ಟಡ ಏಳುತ್ತಿದ್ದಂತೆ ಕಾಣುತ್ತಿದ್ದ, ಎಲ್ಲರೂ ಹೊಸ ಕಾರಿನ ಮಾತಾಡುತ್ತಿದ್ದ ಕಾಲ ಅದು. ಕಲಬುರಗಿ, ರಾಯಚೂರು ಕಡೆಯವರಿಗೂ ಕಾರು ಮಾರಲು ಆ ಕಚೇರಿಯವರಿಗೆ ಕನ್ನಡದ ಕರಪತ್ರ ಬೇಕಿತ್ತು. ಸ್ವಾತಿ ಇಂಗ್ಲಿಷನ್ನು ತೆಲುಗಿನಲ್ಲಿ ಬಿಡಿಸಿ ಹೇಳುವಳು, ನಾನು ಕನ್ನಡದಲ್ಲಿ ಬರೆಯುವೆ.

ಆ ಗಾಡಿಗೆ ಕಾಂಪ್ಯಾಕ್ಟ್ ಎಸ್‌ಯುವಿ ಎನ್ನುತ್ತಿದ್ದರು. ಬೆಟ್ಟಗಳು ನಿಮಗೆ ತಲೆಬಾಗುತ್ತವೆ, ದಾರಿಯಿಲ್ಲದ ಕಡೆ ನೀವೇ ದಾರಿ — ಇಂಗ್ಲಿಷಿನಲ್ಲಿ ಹೀಗೆ ಏನೇನೋ. “ಸ್ವಲ್ಪ ಎತ್ತರ ಮಾಡಿದ ಸಣ್ಣ ಕಾರು, ಅಷ್ಟೇ ಆಂಟಿ” ಎಂದು ಸ್ವಾತಿಯೇ ನಗುತ್ತಿದ್ದಳು. ನನಗೆ ಬೆಟ್ಟ ಗೊತ್ತಿರಲಿಲ್ಲ. ತವರೂರಿನ ಮುಂದಿನ ಹಳ್ಳ ಗೊತ್ತಿತ್ತು. ಹಾಗಾಗಿ ಹೀಗೆ ಬರೆದೆ: ‘ಹಳ್ಳ ತುಂಬಿ ಬಂದರೂ ನಿಮ್ಮವರು ಆಚೆ ದಂಡೆಯಲ್ಲಿ ಕಾಯುವ ಕೆಲಸವಿಲ್ಲ.’

ಅದರ ಅರ್ಥ ಕೇಳಿ ಕಚೇರಿಯ ದೊಡ್ಡ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ನನಗಾಗಿ ಯಾರೂ ಎಂದೂ ಚಪ್ಪಾಳೆ ತಟ್ಟಿರಲಿಲ್ಲ. ಒಲೆಯ ಮುಂದೆ ನಿಂತು ಆ ಸಾಲನ್ನು ಎಷ್ಟು ಸಲ ಹೇಳಿಕೊಂಡೆನೋ —

ಅಚ್ಚಿಗೆ ಕೊಡುವ ದಿನ ಸ್ವಾತಿ ಹಾಳೆ ಹಿಡಿದು ಬಂದಳು. ಅಡಿಯಲ್ಲಿ ಸಣ್ಣ ಅಕ್ಷರದ ಎಚ್ಚರಿಕೆ ಇತ್ತು: ಮುಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆಯುವ ಬಲ, ಹರಿಯುವ ನೀರಿಗೆ ಗಾಡಿ ಇಳಿಸಬೇಡಿ.

“ಒಂದು ಸಾಲು ಜಾಸ್ತಿ ಆಗಿದೆ ಆಂಟಿ. ಯಾವುದು ತೆಗೆಯಲಿ?”

ಆ ಎಚ್ಚರಿಕೆ ನನ್ನ ಹಳ್ಳದ ಸಾಲನ್ನು ಸುಳ್ಳು ಮಾಡುತ್ತಿತ್ತು. ಅದು ನನಗೆ ತಿಳಿದಿತ್ತು, ಚೆನ್ನಾಗಿಯೇ ತಿಳಿದಿತ್ತು. ಯಾರೂ ಒತ್ತಾಯಿಸಲಿಲ್ಲ.

“ಕೆಳಗಿನದು” ಅಂದೆ.

ಮುಂದಿನ ಬೇಸಿಗೆಯಲ್ಲಿ ಶರಣಪ್ಪ ತನ್ನ ಹಳೆಯ ಜೀಪು ಮಾರಿ ಅದೇ ಕಾರು ಕೊಂಡ. ಎಷ್ಟೋ ಮಳೆಗಾಲ ಹಳ್ಳ ದಾಟಿಸಿದ ಜೀಪು ಅದು. ಕಾರು ತೋರಿಸಲು ಇಲ್ಲಿಯವರೆಗೆ ಬಂದವನು ಜೇಬಿನಿಂದ ಕರಪತ್ರ ತೆಗೆದ.

“ಇಂಗ್ಲಿಷಿನಾಗ ಬರದಿದ್ದೆಲ್ಲಾ ಬಡಾಯಿ ಬಿಡ ಅಕ್ಕಾ. ಇದನ್ನ ಓದು. ಯಾರೋ ನಮ್ಮ ಹಳ್ಳದ ದಂಡಿಗೆ ನಿಂತು ಬರದಾಂಗ ಐತಿ!”

ಚಹಾ ತರುತ್ತೇನೆಂದು ನಾನು ಒಳಗೆ ಹೋದೆ. ಆಗಲೂ ಹೇಳಬಹುದಿತ್ತು. ಒಂದೇ ಮಾತು — ಹೇಳಲಿಲ್ಲ.

ಆ ಶ್ರಾವಣದಲ್ಲಿ ಅವನೂ ಹೆಂಡತಿ ನೀಲವ್ವನೂ ಬೀಗರ ಊರಿನಿಂದ ತಿರುಗಿ ಬರುವಾಗ ಹಳ್ಳ ಕೆಂಪಗೆ ಹರಿಯುತ್ತಿತ್ತು. ನೀಲವ್ವ ಬೇಡವೆಂದಳಂತೆ: “ನೀರ ಇಳೀಲಿ ತಡೀರಿ, ನಮಗೇನ ಅವಸರ ಐತಿ?” ಅವನು ನಕ್ಕನಂತೆ: “ಕಾಯೂ ಕೆಲಸಿಲ್ಲಂತ ಅಚ್ಚ ಹಾಕ್ಯಾರಲ್ಲ!” ನಡುನೀರಿನಲ್ಲಿ ಕಾರು ನಿಂತುಬಿಟ್ಟಿತು. ಊರವರು ಹಗ್ಗ ಎಸೆದು ಇಬ್ಬರನ್ನೂ ಎಳೆದುಕೊಂಡರು. ಜೀವ ಉಳಿಯಿತು. ಆದರೆ ಎಳೆಯುವಾಗ ಬಂಡೆಗೆ ಬಡಿದು ನೀಲವ್ವನ ಸೊಂಟದ ಮೂಳೆ ಮುರಿಯಿತು. ಇಡೀ ಮನೆಗೆ ರೊಟ್ಟಿ ಬಡಿಯುತ್ತಿದ್ದವಳು ಅಂದಿನಿಂದ ನೆಲಕ್ಕೆ ಕೂರಲಾರಳು. ನೀವು ಆಡಲು ಕಸಿದುಕೊಳ್ಳುವ ಆ ಕೋಲು ಅವಳ ಕೈಗೆ ಬಂದದ್ದು ಹೀಗೆ.

ಪ್ರತಿ ಹಬ್ಬಕ್ಕೂ ನೀವು ಅವನನ್ನು ಕಾಡುತ್ತೀರಿ: “ಮುತ್ಯಾ, ಹಡಗ ಎಲ್ಲಿ ಕಟ್ಟಿ ಬಂದ್ರಿ?” ಅವನೂ ನಗುತ್ತಾನೆ, “ನನ್ನ ಬುದ್ಧಿಗೆ ತುಕ್ಕ ಹಿಡದಿತ್ರಪಾ” ಅನ್ನುತ್ತಾನೆ. ಹಾಗನ್ನುವಾಗ ಅವನು ನೀಲವ್ವನ ಕಡೆ ನೋಡುವುದಿಲ್ಲ — ನೀವು ಗಮನಿಸಿರಲಿಕ್ಕಿಲ್ಲ. ನಾನು ಗಮನಿಸಿದ್ದೇನೆ. ಆದರೂ ನಿಮ್ಮ ಜೊತೆ ನಕ್ಕಿದ್ದೇನೆ. ಹಾಳೆಯಲ್ಲಿ ಬರೆದದ್ದಕ್ಕಿಂತ ಆ ನಗುವಿಗೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಪಂಚಮಿಗೆ ಇಬ್ಬರೂ ಬರುತ್ತಾರೆ. ಹಡಗಿನ ಮಾತು ಈ ಸಲ ಬೇಡ. ಕರಪತ್ರದ ಒಂದು ಪ್ರತಿ ಇಷ್ಟು ವರ್ಷ ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿತ್ತು. ಇವತ್ತು ತೆಗೆದೆ. ಎಚ್ಚರಿಕೆಯ ಸಾಲು ಇರಬೇಕಾಗಿದ್ದ ಅಡಿಯ ಜಾಗದಲ್ಲಿ ನನ್ನ ಹೆಸರು ಬರೆದಿಟ್ಟಿದ್ದೇನೆ. ಅದನ್ನು ಅವನ ಕೈಗಲ್ಲ, ಮೊದಲು ನೀಲವ್ವನ ಕೈಗೆ ಕೊಡುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ನಿಮ್ಮೆಲ್ಲರ ಮುಂದೆ ನಾನೇ ಓದಿ ಹೇಳಬೇಕು.