ಹಳ್ಳದಲ್ಲಿ ಸಿಕ್ಕ ಸಮುದ್ರ

"ಅಂದ್ರ, ನಮ್ಮೂರಾಗ ಒಂದು ಕಾಲಕ್ಕ ಸಮುದ್ರ ಇತ್ರಿ!" ಎಂದು ನಿವೃತ್ತ ವಿಜ್ಞಾನದ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ರಾಯದುರ್ಗ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. ಅವರ ಜಾಗಕ್ಕೆ ಹೊಸದಾಗಿ ಬಂದಿದ್ದ ನಾನು, ಊರಾಚೆಯ ಹಳ್ಳದಲ್ಲಿ ಸಿಕ್ಕ, ಕಲ್ಲಾಗಿಹೋದ ಪುಟ್ಟ ಚಿಪ್ಪುಗಳ ಗುರುತು ಕೇಳಲು ಅವರ ಮನೆಗೆ ಹೋಗಿದ್ದೆ. ಮದ್ರಾಸಿನ ಪತ್ರಿಕೆಗೆ ಬರೆಯಬೇಕಾದ ಕಾಗದದ ಮೊದಲ ಸಾಲು ನನ್ನ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ಮೇಷ್ಟ್ರು ಭೂತಗನ್ನಡಿ ಹಿಡಿದು ಒಂದೊಂದನ್ನೇ ಹೆಸರಿಸಿದರು. ಇದು ಶಂಖ, ಇದು ಕಪ್ಪೆಚಿಪ್ಪು, ಇದು ಶಾರ್ಕ್ ಮೀನಿನ ಹಲ್ಲು. ಐದನೆಯದರ ಮಣ್ಣನ್ನು ಪಂಚೆಯ ತುದಿಯಿಂದ ಒರೆಸಿದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ಅಂಕಿ ಇತ್ತು. ಬರವಣಿಗೆ ಅವರದೇ! ತಿರುಚಿನಾಪಳ್ಳಿ ಕಡೆ ಕೆಲಸದಲ್ಲಿದ್ದಾಗ ಅವರು ಅಲ್ಲಿ ಸಿಗುವ ಇಂಥವಕ್ಕೆ ಅಂಕಿ ಹಾಕಿ ಒಂದು ಪೆಟ್ಟಿಗೆ ತುಂಬ ಕೂಡಿಟ್ಟಿದ್ದರು. ಇಲ್ಲಿಗೆ ವರ್ಗವಾಗಿ ಬರುವಾಗ ಅದು ರೈಲಿನಲ್ಲಿ ಕಳೆದುಹೋಯಿತೆಂದು ಅವರ ಹೆಂಡತಿ ಹೇಳಿದ್ದರಂತೆ.

ಆ ತಾಯಿ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮೇಷ್ಟ್ರು ತಿರುಗಿ ನೋಡಿದರು.

"ಹೌದ್ರಿ, ನಾನ ಹಳ್ಳಕ್ಕ ಸುರುವಿ ಬಂದೆ. ಬ್ಯಾಳಿ ಡಬ್ಬಿ ಇಡಾಕ ಜಾಗ ಇರಲಿಲ್ಲ, ಏನ್ ಮಾಡ್ಲಿ?" ಎಂದವರೇ ಕಾಫಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾವು ಮೂವರೂ ಸೊಂಟ ಬಗ್ಗಿಸಿ ಆ ಹಳ್ಳವನ್ನು ಜಾಲಾಡಿದೆವು. ಹೆಚ್ಚು ಸಿಕ್ಕಿದ್ದು ಆ ತಾಯಿಗೇ. ಎಲ್ಲಿ ಸುರಿದದ್ದೆಂದು ಗೊತ್ತಿದ್ದದ್ದು ಅವರೊಬ್ಬರಿಗೇ ತಾನೆ! ಈಗಲೂ ಎಲ್ಲೋ ದೊಡ್ಡ ಶೋಧವಾಯಿತೆಂದು ಓದಿದರೆ, ಮನೆಯಾಕೆಯನ್ನು ಒಂದು ಮಾತು ಕೇಳಿದ್ದಾರೋ ಇಲ್ಲವೋ ಎಂದೇ ನನ್ನ ಅನುಮಾನ.